ಗುಜರಿಗೆ ಹಾಕುವ ಮುನ್ನ ಆ ಪಾನಾಗಳನ್ನೊಮ್ಮೆ ನೋಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಕಲಬುರಗಿಯಲ್ಲಿ ಹಳೆಯ ವರ್ಕ್‌ಶಾಪ್ ಒಂದರ ಸಾಮಾನುಗಳನ್ನು ಹರಾಜು ಹಾಕಿದರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಪಾನಾ, ಬಿಗಿದು ಕೂತ ಭಾಗವನ್ನು ಎಳೆದು ಬಿಚ್ಚುವ ಪುಲ್ಲರ್, ನಟ್ಟು-ಬೋಲ್ಟಿಗೆ ಎಳೆ ಕೊರೆಯುವ ಟ್ಯಾಪು, ಡೈ ಎಲ್ಲವೂ ಗೋಣಿಚೀಲ ಸೇರಿ ತೂಕಕ್ಕೆ ಹೋಗಿದ್ದವು. ಮರುದಿನ ಗುಜರಿ ಅಂಗಡಿಯಲ್ಲಿ ಚೀಲ ಬಿಚ್ಚಿಸಿ ಏಳು ಪಾನಾಗಳನ್ನು ಕಿಲೋ ಲೆಕ್ಕದಲ್ಲೇ ಕೊಂಡು ತಂದೆ. ‘ಇವು ಯಾವ ನಟ್ಟಿಗೂ ಕೂಡುವುದಿಲ್ಲ ಕಾಕಾ, ನಂಬರೇ ತಪ್ಪು ಹೊಡೆದಿದ್ದಾರೆ’ ಎಂದ ಅಂಗಡಿಯ ಹುಡುಗ. ಅವನ ತಪ್ಪಲ್ಲ. ಅವು ಹಳೆಯ ಬ್ರಿಟಿಷ್ ಪದ್ಧತಿಯ ವಿಟ್‌ವರ್ತ್ ಅಳತೆಯವು. ಅರ್ಧ ಇಂಚು ಎಂದು ಹೊಡೆದಿದ್ದರೆ ಅದು ಬೋಲ್ಟಿನ ದಪ್ಪ. ಪಾನಾದ ಬಾಯಿ 23 ಮಿಲಿಮೀಟರಿಗಿಂತ ತುಸು ಹೆಚ್ಚೇ ಇರುತ್ತದೆ. ಹಳೆಯ ಬ್ರಿಟಿಷ್ ಕಾರಿನ ನಟ್ಟಿಗೆ ಇಂದಿನ ಪಾನಾ ಹಾಕಿ ತಿರುವಿದರೆ ಮೂಲೆಗಳು ಸವೆದು ನಟ್ಟು ಗುಂಡಾಗುತ್ತದೆ, ಆಮೇಲೆ ಉಳಿ ಹಿಡಿದು ಕುಟ್ಟುವುದೊಂದೇ ದಾರಿ.

ನಾನು ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಲೇತ್ ಇಟ್ಟುಕೊಂಡವನು. ಬೇಳೆ ಮಿಲ್ಲಿನ ಶಾಫ್ಟು, ಪಂಪಿನ ಬುಷ್ಷು, ಇವೇ ನನ್ನ ಅನ್ನ. ಎರಡು ವರ್ಷದ ಹಿಂದೆ ಆಳಂದ ಕಡೆಯ ಮನೆತನವೊಂದು 1930ರ ಫೋರ್ಡ್ ಮಾಡೆಲ್ ಎ ಕಾರಿನ ಗಾಲಿ ಕೆಲಸಕ್ಕೆ ಕರೆಯಿತು. ನಿಜಾಮರ ಕಾಲದಲ್ಲಿ ಅಜ್ಜ ಕೊಂಡ ಕಾರು, 19 ಇಂಚಿನ ಗಾಲಿಗಳು. ನೋಡಲು ಸೈಕಲ್ ಗಾಲಿಯಂತಿದ್ದರೂ ಕಡ್ಡಿಗಳ ಎರಡೂ ತುದಿ ವೆಲ್ಡ್ ಆಗಿವೆ. ಕಡ್ಡಿ ಬಿಗಿಯುವ ನಿಪ್ಪಲ್ ತಿರುವಿ ಓಲಾಟ ತೆಗೆಯೋಣವೆಂದರೆ ನಿಪ್ಪಲ್ಲೇ ಇಲ್ಲ.

ಗಾಲಿ ಹೇಗೋ ಬಿಚ್ಚಿತು, ಹಿಂದಿನ ಬ್ರೇಕ್ ಡ್ರಮ್ಮು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಅಲ್ಲಿ ಅಚ್ಚಿನ (ಆಕ್ಸಲಿನ) ತುದಿ ಮೊನಚಾಗಿ ಇಳಿದು ಡ್ರಮ್ಮಿನ ನಡುವಿನ ಹಬ್‌ನೊಳಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಮೊದಲು ಬಂದ ಮೆಕ್ಯಾನಿಕ್ ಸುತ್ತಿಗೆಯಿಂದ ಬಾರಿಸಿ ಅಚ್ಚಿನ ತುದಿಯ ಎಳೆಗಳನ್ನು ಅಣಬೆಯಂತೆ ಅರಳಿಸಿ ಹೋಗಿದ್ದ. ಹಬ್‌ನ ಹೊರತುದಿಯಲ್ಲಿ ಸುತ್ತಲೂ ಒಂದು ಗ್ರೂವ್ ಇದೆ. ಪುಲ್ಲರ್ ಹಿಡಿಯಲೆಂದೇ ಕೊಟ್ಟ ಜಾಗವದು. ಆದರೆ ಆ ಪುಲ್ಲರ್ ಎಲ್ಲಿದೆ? ನಮ್ಮ ಅಂಗಡಿಗಳಲ್ಲಿ ಸಿಗುವ ಮೂರು ಕಾಲಿನ ಪುಲ್ಲರ್ ಡ್ರಮ್ಮಿನ ಅಂಚನ್ನು ಹಿಡಿದು ಅದನ್ನೇ ಸೊಟ್ಟ ಮಾಡುತ್ತದೆ.

ನಾನೇ ಮಾಡಿದೆ. ಒಳಗೆ ತುಟಿಯಿರುವ ಬಟ್ಟಲನ್ನು ಲೇತಿನಲ್ಲಿ ತಿರುವಿ, ಗ್ರೂವಿಗೆ ಕೂರಿಸಲೆಂದು ಆಮೇಲೆ ನಡುವೆ ಸೀಳಿದ್ದು ನನ್ನ ದಡ್ಡತನ. ಗರಗಸ ಒಂದೂವರೆ ಮಿಲಿಮೀಟರ್ ತಿಂದು ದುಂಡು ಕೆಟ್ಟಿತು. ಸಾಲದ್ದಕ್ಕೆ ಮೆದು ಕಬ್ಬಿಣದ ತುಟಿ ಬಾಯಿ ತೆರೆಯಿತು. ಎರಡನೆಯ ಸಲ ಹೆಚ್ಚು ಗಟ್ಟಿಯಾದ ಈಎನ್ 8 ಉಕ್ಕು ತಂದು, ಮೊದಲೇ ಸೀಳಿ, ಹೋಳುಗಳನ್ನು ಬೋಲ್ಟಿನಿಂದ ಜೋಡಿಸಿ, ಆಮೇಲೆ ಲೇತಿಗೆ ಕಟ್ಟಿದೆ. ಅಚ್ಚಿನ ನಟ್ಟನ್ನು ಪೂರ್ತಿ ತೆಗೆಯದೆ ಮೂರ್ನಾಲ್ಕು ಎಳೆ ಉಳಿಸಿದೆ, ಇಲ್ಲದಿದ್ದರೆ ಡ್ರಮ್ಮು ಚಿಮ್ಮಿ ಕಾಲ ಮೇಲೆ ಬೀಳುತ್ತದೆ. ಸಂಜೆ ಪುಲ್ಲರಿನ ನಡುವಿನ ಬೋಲ್ಟು ಬಿಗಿದು ಅಲ್ಲೇ ಮಲಗಿದೆವು. ಬೆಳಗಿನ ಜಾವ ಕೊಟ್ಟಿಗೆಯಲ್ಲಿ ‘ಟಣ್’ ಎಂದು ಡ್ರಮ್ಮು ಬಿಟ್ಟುಕೊಂಡಿತು. ಮನೆಯ ಅಜ್ಜಿ ಕಳ್ಳನೆಂದು ಎದ್ದು ದೀಪ ಹಾಕಿದರು.

50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿಯ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ನಂಬರ್ ಫಲಕ ಸಿಗುತ್ತದೆ, ಪುಲ್ಲರ್ ಸಿಗುವುದಿಲ್ಲ.

ಹರಾಜು ನಡೆಸುವ ಕಚೇರಿಗಳಿಗೆ ನನ್ನ ವಿನಂತಿ ಇಷ್ಟೇ: ತೂಕಕ್ಕೆ ಹಾಕುವ ಮುನ್ನ ಅನುಭವಿ ಫಿಟ್ಟರ್ ಒಬ್ಬರನ್ನು ಕರೆದು ಅರ್ಧ ದಿನ ಕೂರಿಸಿ, ವಿಶೇಷ ಪಾನಾ, ಪುಲ್ಲರ್‌ಗಳನ್ನು ಆರಿಸಿ ಐಟಿಐಗೆ ಕೊಡಿ. ಐಟಿಐ ಬೋಧಕರೂ ಯೋಚಿಸಲಿ. ಹುಡುಗರು ವಾರಗಟ್ಟಲೆ ಉಜ್ಜಿ ಕೂಡಿಸುವ ಅಭ್ಯಾಸದ ಕಬ್ಬಿಣದ ತುಂಡುಗಳು, ಅಂದರೆ ಫಿಟ್ಟಿಂಗ್ ಜಾಬ್‌ಗಳು, ಅಂಕ ಬಿದ್ದ ಮೇಲೆ ಮೂಲೆ ಸೇರುತ್ತವೆ. ಅದರ ಬದಲು ಒಂದು ಪುಲ್ಲರ್ ಮಾಡಿಸಿದರೆ ಉಳಿಯುತ್ತದೆ.

ನನ್ನದು ಅಂಗಡಿಯ ಗೋಡೆಗೆ ತೂಗುತ್ತಿದೆ. ಬೇಕಾದವರು ಒಯ್ಯಬಹುದು, ಅಳತೆಯನ್ನೂ ಬರೆದು ಕೊಡುತ್ತೇನೆ. ಆದರೆ ಒಯ್ಯುವವರ ಹೆಸರನ್ನು ವಹಿಯಲ್ಲಿ ಬರೆದುಕೊಳ್ಳುತ್ತೇನೆ, ಬೇಸರಿಸಬಾರದು. ಪಾನಾ ಒಯ್ದು ಮರಳಿ ತಂದವರನ್ನು ನಾನು ಕಂಡದ್ದು ಕಡಿಮೆ.

– ಒಬ್ಬ ಟರ್ನರ್, ಕಲಬುರಗಿ