ಭಾನುವಾರ ತೋಟಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಕಡಲ ಕಡೆಯ ಬೇಲಿ ಕಟ್ಟೋಣ. ಆದರೆ ಮರಳು ದಿಬ್ಬ ಹತ್ತಬೇಡಿ, ಅಲ್ಲಿ ಮರಳನ್ನು ಹಿಡಿದಿಟ್ಟಿರುವುದೇ ಹುಲ್ಲಿನ ಬೇರು, ಒಂದೇ ಜಾಗದಲ್ಲಿ ತುಳಿದು ತುಳಿದು ಹುಲ್ಲು ಸತ್ತರೆ ಗಾಳಿ ಅಲ್ಲಿಂದಲೇ ಮರಳನ್ನು ನಮ್ಮ ಹೊಲಕ್ಕೆ ತಂದು ಸುರಿಯುತ್ತದೆ. ಇನ್ನೊಂದು, ದಿಬ್ಬದ ಕೆಳಗೆ ಹಕ್ಕಿ ಮೊಟ್ಟೆ ಇಟ್ಟಿದೆ. ಗೂಡು ಅಂತ ಏನೂ ಇಲ್ಲ. ಮರಳಲ್ಲಿ ಸಣ್ಣ ಕುಳಿ, ಚುಕ್ಕೆ ಚುಕ್ಕೆಯ 3 ಮೊಟ್ಟೆ, ಹತ್ತಿರ ಹೋದರೂ ಕಲ್ಲು ಅಂತಲೇ ಅನಿಸುತ್ತದೆ. ಸುತ್ತ ಕೋಲು ನೆಟ್ಟಿದ್ದೇನೆ, ಅದರಾಚೆ ಹೋಗಬೇಡಿ, ನಾಯಿಗಳನ್ನೂ ತರಬೇಡಿ. ಹೋದ ಸಲ ಉಪ್ಪುನೀರು ನುಗ್ಗಿದಾಗ ನಡುರಾತ್ರಿ ಓಡಿ ಬಂದು ಅಪ್ಪನ ಜೊತೆ ಕಟ್ಟೆಗೆ ಮಣ್ಣು ಹಾಕಿದವರು ನೀವೇ ಅಲ್ವಾ, ಮನೆಯಲ್ಲಿ ಯಾರೂ ಅದನ್ನು ಮರೆತಿಲ್ಲ. ಬರುವವರು ಇಲ್ಲೇ ತಿಳಿಸಿ.