ತಡೆದು ಕೇಳಿದವರಿಗೆ ನನ್ನ ವಂದನೆ

ಆಸ್ಪತ್ರೆ ಆಡಳಿತದ ಹೊಣೆಯನ್ನು ಮುಂದಿನವರ ಕೈಗೊಪ್ಪಿಸಿ ನಿವೃತ್ತಳಾಗುತ್ತಿದ್ದೇನೆ. ಮುಂದಾಳುತನದ ಬಗ್ಗೆ ನನಗೇನಾದರೂ ತಿಳಿದಿದ್ದರೆ ಅದರ ಬಹುಪಾಲು ಕಲಿಸಿದವರು ರಾತ್ರಿ ಪಾಳಿಯ ಸಿಸ್ಟರ್‌ಗಳು, ಫಾರ್ಮಸಿಯವರು, ಲ್ಯಾಬಿನವರು, ವಾರ್ಡು ಗುಡಿಸಿ ಒರೆಸುವವರು. ಹೆಸರು ಹಿಡಿದು ಹೇಳಹೊರಟರೆ ಯಾರಾದರೂ ಬಿಟ್ಟುಹೋಗುತ್ತಾರೆ. ಹಾಗಾಗಿ ಕೆಲಸ ಹಿಡಿದು ಹೇಳುತ್ತೇನೆ.

ಎಲ್ಲಕ್ಕಿಂತ ದೊಡ್ಡ ಋಣ ರಾತ್ರಿ ಪಾಳಿಯವರದು. ರೋಗಿಯ ಸ್ಥಿತಿ ಹದಗೆಡುವಾಗ ಎಷ್ಟೋ ಸಲ ಮೊದಲು ಏರುವುದು ಉಸಿರಾಟದ ವೇಗ. ಚಾರ್ಟಿನಲ್ಲಿ ಅಂದಾಜಿನ ಮೇಲೆ ಬರೆದುಬಿಡುವುದೂ ಅದನ್ನೇ. ನಾಡಿ, ಬಿಪಿ, ಆಕ್ಸಿಜನ್ ಮಟ್ಟವನ್ನು ಯಂತ್ರ ತೋರಿಸುತ್ತದೆ. ಉಸಿರನ್ನು ಮಾತ್ರ ಎದೆಯ ಏರಿಳಿತ ನೋಡುತ್ತ ಪೂರ್ತಿ 60 ಸೆಕೆಂಡು ಎಣಿಸಬೇಕು. ಇಡೀ ವಾರ್ಡಿನ ಚಾರ್ಟುಗಳಲ್ಲಿ ಉಸಿರು ನಿಮಿಷಕ್ಕೆ ಬರೀ 18, 20 ಎಂದೇ ಇದ್ದರೆ ಯಾರೂ ಎಣಿಸಿಲ್ಲ ಎಂದೇ ತಿಳಿಯಬೇಕು. ಆಗ ಸಿಸ್ಟರ್‌ಗಳನ್ನು ಗದರುವ ಮೊದಲು, ಒಬ್ಬೊಬ್ಬರ ಪಾಲಿಗೆ ಎಷ್ಟು ಹಾಸಿಗೆ ಬಿದ್ದಿವೆ ಎಂದು ನೋಡುವುದು ಮೇಲಿನವರ ಕೆಲಸ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ನ್ಯೂಸ್ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್) ಅಂಕಪಟ್ಟಿ ಉಸಿರು, ನಾಡಿ, ಬಿಪಿ ಮುಂತಾದವು ಎಷ್ಟು ಹದ ತಪ್ಪಿವೆ ಎಂಬುದಕ್ಕೆ ಅಂಕ ಕೊಡುತ್ತದೆ. ಅದರಲ್ಲಿ ಒಟ್ಟು 5 ಬಂದರೆ ಡಾಕ್ಟರು ತುರ್ತಾಗಿ ನೋಡಬೇಕು, 7 ದಾಟಿದರೆ ಅಥವಾ ಮುಟ್ಟಿದರೆ ತುರ್ತು ತಂಡವೇ ಬರಬೇಕು. ಅಂಕ ಕೂಡುವುದು ಸುಲಭ. ಕಷ್ಟವಿರುವುದು ನಡುರಾತ್ರಿ ಫೋನ್ ಎತ್ತುವುದರಲ್ಲಿ. ನಮ್ಮ ಸಿಸ್ಟರ್‌ಗಳು ಅದನ್ನು ಹೀಗೆ ಹೇಳುತ್ತಾರೆ: 'ಡಾಕ್ಟ್ರೇ, ಹನ್ನೆರಡನೇ ಬೆಡ್ ರೋಗಿಯ ನ್ಯೂಸ್ 7 ಆಗಿದೆ. ನಿನ್ನೆ ಹೊಟ್ಟೆ ಆಪರೇಷನ್ ಆದವರು. ಉಸಿರು 26, ನಾಡಿ 118, ಮೇಲಿನ ಬಿಪಿ 96. ಪ್ರಜ್ಞೆ, ಆಕ್ಸಿಜನ್, ಜ್ವರ ಸರಿಯಾಗಿವೆ. ಒಳಗೆ ರಕ್ತ ಹೋಗುತ್ತಿದೆಯೇನೋ ಅನ್ನಿಸುತ್ತಿದೆ. ಈಗಲೇ ಬಂದು ನೋಡಬೇಕು.' ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತದೆ, ನೀವೇನು ಮಾಡಬೇಕು, ಇಷ್ಟೇ ಕ್ರಮ. ಕೊನೆಯ ಎರಡನ್ನು ಹೇಳಲು ಹಿಂಜರಿಕೆ ಇರುತ್ತದೆ. 'ಡಾಕ್ಟ್ರೇ, ಬಿಪಿ ಸ್ವಲ್ಪ ಕಡಿಮೆ ಇದೆ' ಎಂದಷ್ಟೇ ಹೇಳಿದರೆ 'ಸರಿ, ನೋಡ್ತಾ ಇರಿ' ಎಂಬ ಉತ್ತರ ಬರುತ್ತದೆ, ಎರಡು ಗಂಟೆ ಕಳೆದುಹೋಗುತ್ತದೆ. ಡಾಕ್ಟರು ಬರದಿದ್ದರೆ ಅವರ ಮೇಲಿನವರಿಗೆ ನೇರವಾಗಿ ಫೋನ್ ಮಾಡಬಹುದು ಎಂಬ ನಿಯಮ, ಆ ಮೇಲಿನವರ ನಂಬರ್ ಸಮೇತ, ನರ್ಸಿಂಗ್ ಸ್ಟೇಷನ್ನಿನ ಗೋಡೆಯ ಮೇಲಿರಬೇಕು. ಹಾಗೆ ಫೋನ್ ಮಾಡಿ, ಬಂದು ನೋಡಿದಾಗ ಏನೂ ಇಲ್ಲದಿದ್ದರೂ 'ಕರೆದದ್ದು ಒಳ್ಳೆಯದಾಯಿತು' ಎಂದು ಹೇಳಿದ ಹಿರಿಯ ವೈದ್ಯರಿಗೆ ಕೈಮುಗಿಯುತ್ತೇನೆ. ಮರುದಿನದ ಫೋನ್ ಬಂದದ್ದು ಆ ಒಂದು ಮಾತಿನಿಂದ.

ಆಪರೇಷನ್ ಥಿಯೇಟರಿನ ಸಿಸ್ಟರ್‌ಗಳೇ, ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಶಸ್ತ್ರಚಿಕಿತ್ಸೆ ಸುರಕ್ಷತಾ ಪಟ್ಟಿಯನ್ನು ನೀವು ಬರೀ ಕಾಗದವಾಗಲು ಬಿಡಲಿಲ್ಲ. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಥಿಯೇಟರ್ ಬಿಡುವ ಮೊದಲು, ಹೀಗೆ ಮೂರು ಸಲ ಎಲ್ಲರೂ ಕೈ ನಿಲ್ಲಿಸಬೇಕು. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಜಾರಿಗೆ ತಂದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಪಟ್ಟಿ ಸೋಲುವುದು, ಆಪರೇಷನ್ ಮುಗಿದ ಮೇಲೆ ಒಬ್ಬರೇ ಕೂತು ಎಲ್ಲಕ್ಕೂ ಟಿಕ್ ಹಾಕಿದಾಗ. ತಂಡದವರೆಲ್ಲ ಹೆಸರು, ಕೆಲಸ ಹೇಳಿಕೊಳ್ಳಬೇಕೆಂಬ ಅಂಶವನ್ನು ಹೆಚ್ಚು ಕಡೆ ಶಿಷ್ಟಾಚಾರ ಎಂದು ಹಾರಿಸುತ್ತಾರೆ. ನನ್ನ ಪ್ರಕಾರ ಅದೇ ಮುಖ್ಯ: ಆರಂಭದಲ್ಲಿ ಒಮ್ಮೆ ದನಿ ತೆಗೆದವರು, ರಕ್ತ ಒರೆಸುವ ಗಾಜ್ ಬಟ್ಟೆಗಳ ಎಣಿಕೆ ತಾಳೆಯಾಗದಿದ್ದಾಗಲೂ ದನಿ ತೆಗೆಯುತ್ತಾರೆ. 'ಇನ್ನೂ ಬ್ಲೇಡ್ ಕೊಡೋದಿಲ್ಲ, ಎಡವೋ ಬಲವೋ ಹೇಳಿ' ಎಂದ ಸಿಸ್ಟರ್ ಮೇಲೆ ಯಾರಾದರೂ ರೇಗಿದರೆ, ಆಡಳಿತದವರು ಅದೇ ದಿನ ಸಿಸ್ಟರ್ ಪರ ನಿಲ್ಲಬೇಕು. ವಾರ ಬಿಟ್ಟು ಸಭೆ ಕರೆದರೆ ಪ್ರಯೋಜನವಿಲ್ಲ.

ಐಸಿಯುನಲ್ಲೂ ಇದೇ ಪಾಠ. ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವಾಗ ಕೈ ತೊಳೆಯುವುದು, ರೋಗಿಯನ್ನು ಪೂರ್ತಿ ಸ್ಟೆರೈಲ್ ಬಟ್ಟೆಯಿಂದ ಮುಚ್ಚುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡೀನ್ ಎಂಬ ಸೋಂಕುನಾಶಕ ಹಚ್ಚುವುದು, ಸಾಧ್ಯವಾದಷ್ಟು ತೊಡೆಸಂದಿಯಲ್ಲಿ ಕೊಳವೆ ಹಾಕದಿರುವುದು, ಬೇಡವಾದ ಕೊಳವೆಯನ್ನು ತೆಗೆಯುವುದು: ಅಮೆರಿಕದ ಐಸಿಯು ವೈದ್ಯ ಪೀಟರ್ ಪ್ರೊನೊವೊಸ್ಟ್ ಅವರ ಈ ಐದೇ ಹೆಜ್ಜೆಗಳು ಅಲ್ಲಿನ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ರಕ್ತದ ಸೋಂಕನ್ನು ಬಹಳಷ್ಟು ಇಳಿಸಿದವು, ಆ ವರದಿ 2006ರಲ್ಲಿ ಬಂತು. ಹೆಜ್ಜೆ ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರ ನರ್ಸ್‌ಗಳಿಗಿತ್ತು. ಬೇಕಾದ ಸಾಮಾನು ನಾಲ್ಕು ಕಪಾಟುಗಳಲ್ಲಿ ಹಂಚಿಹೋಗಿದ್ದರೆ ತುರ್ತಿನಲ್ಲಿ ಯಾವುದಾದರೊಂದು ಬಿಟ್ಟುಹೋಗುತ್ತದೆ. ಎಲ್ಲವನ್ನೂ ಒಂದೇ ಟ್ರಾಲಿಗೆ ತಂದು, ಬಳಸಿದ ಕೂಡಲೇ ತುಂಬಿಟ್ಟ ಸ್ಟೋರಿನವರಿಗೆ ಧನ್ಯವಾದ.

ಫಾರ್ಮಸಿಯವರು '1.0' ಎಂದು ಬರೆದ ಚೀಟಿಯನ್ನು ಹಿಂದಕ್ಕೆ ಕಳಿಸಿದಾಗ ಅನೇಕರಿಗೆ ಸಿಟ್ಟು ಬಂದಿದೆ. ಚುಕ್ಕಿ ಮಾಸಿದರೆ ಅದು 10, '.5' ಎಂಬುದು 5. ಹತ್ತು ಪಟ್ಟು ಡೋಸ್ ಹೋಗುವುದು ಹೀಗೆಯೇ. 1 ಎಂದೂ 0.5 ಎಂದೂ ಬರೆಯಿರಿ, ಇನ್ಸುಲಿನ್ನಿಗೆ 'ಯೂನಿಟ್' ಎಂದು ಪೂರ್ತಿ ಬರೆಯಿರಿ ಎಂದು ಬೇಸರಿಸದೆ ಹೇಳಿದಿರಿ. ನೇರವಾಗಿ ಚುಚ್ಚಿದರೆ ಹೃದಯವನ್ನೇ ನಿಲ್ಲಿಸಬಲ್ಲ ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದ ಆಂಪೂಲ್‌ಗಳನ್ನು (ಚುಚ್ಚುಮದ್ದಿನ ಪುಟ್ಟ ಸೀಸೆಗಳನ್ನು) ಸಾಮಾನ್ಯ ವಾರ್ಡುಗಳಿಂದ ಎತ್ತಿಸಿದಿರಿ. ಲ್ಯಾಬಿನವರು ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೇರಿ 6.8 ಎಂದು ಕಂಡಾಗ ವರದಿ ಟೈಪಾಗುವ ತನಕ ಕಾಯದೆ ಫೋನ್ ಮಾಡಿ, ಕೇಳಿದವರ ಬಾಯಿಂದ ಅಂಕಿಯನ್ನು ಮರಳಿ ಹೇಳಿಸಿ, ಹೆಸರು, ವೇಳೆ ಬರೆದುಕೊಂಡಿರಿ.

ಸ್ವಚ್ಛತೆಯ ಸಿಬ್ಬಂದಿಗೆ ಹೇಳಬೇಕಾದದ್ದು ಬೇರೆ ಇದೆ. ಕಸದ ಚೀಲಕ್ಕೆ ಸೂಜಿ ಎಸೆದವರಿಗೆ ಅದು ಚುಚ್ಚುವುದಿಲ್ಲ, ನಿಮಗೆ ಚುಚ್ಚುತ್ತದೆ. ಸೂಜಿಯ ಡಬ್ಬಿ ಮುಕ್ಕಾಲು ತುಂಬಿದಾಗಲೇ ಮುಚ್ಚಿ ಬದಲಿಸಬೇಕೆಂದು ಪಟ್ಟು ಹಿಡಿದದ್ದು ನೀವು. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. ಬೈಗುಳದ ಭಯವಿದ್ದ ಕಡೆ ಈ ಗಂಟೆಗಳು ಮೌನದಲ್ಲೇ ಕಳೆದುಹೋಗುತ್ತವೆ. ಗುತ್ತಿಗೆಯವರು, ಕಾಯಂ ನೌಕರರು ಎಂದು ನೋಡದೆ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿದ ಸೋಂಕು ನಿಯಂತ್ರಣ ತಂಡಕ್ಕೆ ನಾನು ವಿಶೇಷವಾಗಿ ಕೃತಜ್ಞಳು.

ತಪ್ಪಿನ ವರದಿ ಬರೆದುಕೊಟ್ಟವರೆಲ್ಲರಿಗೂ ವಂದನೆ. ಒಂದೇ ರೀತಿ ಕಾಣುವ ಎರಡು ಆಂಪೂಲ್ ಒಂದೇ ಡ್ರಾಯರಿನಲ್ಲಿದ್ದರೆ, ಸಿಸ್ಟರನ್ನು ವರ್ಗ ಮಾಡಿದ ಮೇಲೂ ಡ್ರಾಯರು ಹಾಗೆಯೇ ಇರುತ್ತದೆ. ಹೊಸದಾಗಿ ಈ ಕುರ್ಚಿಗೆ ಬರುವವರಲ್ಲಿ ಒಂದು ಕೋರಿಕೆ: ಪ್ರತಿ ವರದಿಗೂ ಒಂದು ವಾರದೊಳಗೆ ಏನು ಬದಲಿಸಿದೆವು, ಅಥವಾ ಏಕೆ ಬದಲಿಸಲಾಗಲಿಲ್ಲ ಎಂದು ಬರೆದವರಿಗೆ ತಿಳಿಸಿ. ಎರಡು ಸಲ ಉತ್ತರ ಬರದಿದ್ದರೆ ಮೂರನೇ ವರದಿ ಬರುವುದಿಲ್ಲ.