ಬ್ರೇಕಿಂಗ್ ಬ್ಯಾಡ್ ಚರ್ಚೆ: ಮೊದಲು ಸಂಚಿಕೆ ಸಂಖ್ಯೆ, ಆಮೇಲೆ ವಾದ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಟಿವಿ ಸರಣಿ 'ಬ್ರೇಕಿಂಗ್ ಬ್ಯಾಡ್' ಬಗ್ಗೆ ಇಲ್ಲಿ ಬರೆಯುವಾಗ ಮೊದಲ ಸಾಲಿನಲ್ಲಿ ಸೀಸನ್, ಸಂಚಿಕೆ ಸಂಖ್ಯೆ ಹಾಕಿ, ನಾಲ್ಕೈದು ಸಾಲು ಖಾಲಿ ಬಿಟ್ಟು ಬರೆಯಿರಿ. ಇಲ್ಲದಿದ್ದರೆ ನೋಟಿಫಿಕೇಷನ್‌ನಲ್ಲೇ ಗುಟ್ಟು ಒಡೆದುಹೋಗುತ್ತದೆ. ಐದನೇ ಸೀಸನ್‌ನ 16 ಸಂಚಿಕೆಗಳು 2012, 2013ರಲ್ಲಿ ಎಂಟೆಂಟಾಗಿ ಬಂದವು. ಎರಡನೇ ಭಾಗವನ್ನು ಆರನೇ ಸೀಸನ್ ಅನ್ನಬೇಡಿ. 'ಒಜಿಮ್ಯಾಂಡಿಯಸ್' ಸಂಚಿಕೆ ಅಂದರೆ 5-14 (ಐದನೇ ಸೀಸನ್, 14ನೇ ಸಂಚಿಕೆ).

ಅಲ್ಲಿಯವರೆಗೆ ನೋಡಿರದವರು ಮುಂದೆ ಓದಬೇಡಿ.

.
.
.
.

ಕಥಾನಾಯಕ ವಾಲ್ಟ್‌ನ ಜೊತೆಗಾರ ಜೆಸ್ಸಿಯ ಪ್ರೇಯಸಿ ಜೇನ್ ಸಾವಿನ (2-12) ಬಗ್ಗೆ "ವಾಲ್ಟ್ ಸುಮ್ಮನೆ ನಿಂತಿದ್ದ, ಅಷ್ಟೇ" ಅನ್ನುವವರು ದಯವಿಟ್ಟು ಆ ದೃಶ್ಯ ಮತ್ತೆ ನೋಡಿ. ಅವನು ಜೆಸ್ಸಿಯನ್ನು ಅಲುಗಾಡಿಸಿದ್ದರಿಂದಲೇ ಮಗ್ಗುಲಾಗಿ ಮಲಗಿದ್ದ ಜೇನ್ ಅಂಗಾತವಾಗುತ್ತಾಳೆ, ವಾಂತಿ ಗಂಟಲಲ್ಲಿ ಸಿಕ್ಕಿ ಸಾಯುತ್ತಾಳೆ. ಇದನ್ನು ಬಿಟ್ಟು ವಾಲ್ಟ್‌ನನ್ನು ತೂಗಲು ಆಗುವುದಿಲ್ಲ. 'ಫ್ಲೈ' (3-10) ಖರ್ಚು ಉಳಿಸಲು ಹೆಚ್ಚೂಕಡಿಮೆ ಒಂದೇ ಸೆಟ್‌ನಲ್ಲಿ ತೆಗೆದದ್ದು ನಿಜ, ಆದರೆ ವಾಲ್ಟ್ ಜೆಸ್ಸಿಯ ಮುಂದೆ ಈ ಸಾವಿನ ಬಗ್ಗೆ ಬಾಯಿಬಿಡುವ ಅಂಚಿಗೆ ಬರುವುದು ಅಲ್ಲೇ. ಕೊನೆಗೆ ಹೇಳುವುದು 5-14ರಲ್ಲಿ, ಅದೂ ನೋಯಿಸಲಿಕ್ಕೆಂದೇ.